ಟಮಿಯಾ 1/48 ಪಿ-51ಡಿ ಮಸ್ಟ್ಯಾಂಗ್ (61040): ಜೋಡಣೆ ಸಲೀಸು, ಬೆಳ್ಳಿ ಬಣ್ಣವೇ ಅಸಲಿ ಪರೀಕ್ಷೆ

ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಮಸ್ಟ್ಯಾಂಗಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ ಇದು, ಜಪಾನಿನ ಟಮಿಯಾ ಕಂಪನಿ 1995ರಲ್ಲಿ ತಂದದ್ದು. ಇವತ್ತಿಗೂ ಸಿಗುತ್ತದೆ. 1/48 ಅಳತೆಯಲ್ಲಿ (ಅಸಲಿಯ 48ನೇ ಒಂದು ಪಾಲು) ಮೊದಲು ಯಾವ ವಿಮಾನ ಮಾಡಲಿ ಎಂದು ಕೇಳಿದರೆ ಹಳಬರು ಹಿಂದೆಮುಂದೆ ನೋಡದೆ ಹೇಳುವ ಹೆಸರೂ ಇದೇ. ಆ ಮಾತು ಮುಕ್ಕಾಲು ಪಾಲು ಸರಿ. ಭಾಗಗಳು ಒಂದಕ್ಕೊಂದು ಕೂರುವ ಪರಿಗೆ ಪುಟ್ಟಿ ಡಬ್ಬಿ ತೆರೆಯುವ ಪ್ರಮೇಯವೇ ಕಡಿಮೆ. ಆದರೆ ಮಸ್ಟ್ಯಾಂಗ್ ಬಹುಮಟ್ಟಿಗೆ ಬೆಳ್ಳಿ ಬಣ್ಣದ ವಿಮಾನ. ಹಸಿರು ಬಣ್ಣದ ವಿಮಾನದಲ್ಲಿ ಮುಚ್ಚಿಹೋಗುವ ಗೀರು, ಜಾಯಿಂಟ್, ಬೆರಳಚ್ಚು ಎಲ್ಲವನ್ನೂ ಬೆಳ್ಳಿ ಎತ್ತಿ ತೋರಿಸುತ್ತದೆ. ಅಂಟಿನ ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಳ್ಳುವ ಹೊತ್ತಿಗೆ ಈ ಕಿಟ್‌ನ ನಿಜವಾದ ಕೆಲಸ ಶುರುವಾಗುತ್ತದೆ.

ಅಸಲಿ ವಿಮಾನದ ರೆಕ್ಕೆಯ ಹರವು 11.28 ಮೀಟರ್, ಉದ್ದ 9.83 ಮೀಟರ್. ಈ ಅಳತೆಯಲ್ಲಿ ಅದು 23.5 ಮತ್ತು 20.5 ಸೆಂ.ಮೀ. ಆಗುತ್ತದೆ. ಪುಸ್ತಕದ ಕಪಾಟಿನಲ್ಲಿ ಇಡುವ ಯೋಚನೆಯಿದ್ದರೆ ಕೊಳ್ಳುವ ಮೊದಲೇ ಕಪಾಟಿನ ಆಳ ಅಳೆಯಿರಿ. ಆಳ ಇದಕ್ಕಿಂತ ಕಡಿಮೆಯಿದ್ದರೆ ಬಾಲವೋ ಮೂತಿಯೋ ಹೊರಗೆ ಚಾಚಿಕೊಳ್ಳುತ್ತದೆ.

ಕಾಕ್‌ಪಿಟ್ ಚೆನ್ನಾಗಿದೆ. ಸೀಟಿನ ಹಿಂದಿನ ಇಂಧನ ಟ್ಯಾಂಕು, ಅದರ ಮೇಲಿನ ರೇಡಿಯೊ ಎರಡೂ ಗುಳ್ಳೆಯಾಕಾರದ ಪಾರದರ್ಶಕ (ಬಬಲ್) ಮುಚ್ಚಳದ ಕೆಳಗೆ ಎದ್ದು ಕಾಣುತ್ತವೆ. ಅಲ್ಲಿನ ಬಣ್ಣಕ್ಕೆ ಸಮಯ ಕೊಟ್ಟರೆ ವ್ಯರ್ಥವಾಗುವುದಿಲ್ಲ. ಗೋಡೆಗಳಿಗೆ ಇಂಟೀರಿಯರ್ ಗ್ರೀನ್ (ಮಿಸ್ಟರ್ ಹಾಬಿ ಎಚ್-58 ಸಾಕು), ಇನ್‌ಸ್ಟ್ರುಮೆಂಟ್ ಪ್ಯಾನೆಲ್ಲಿಗೆ ಕಪ್ಪು. ನೆಲ ಮಾತ್ರ ಹಸಿರಲ್ಲ. ಅಸಲಿ ವಿಮಾನದಲ್ಲಿ ಅದು ಪ್ಲೈವುಡ್, ಮೇಲೆ ಜಾರದಂತೆ ಕಪ್ಪು ಲೇಪ. ಪೈಲಟ್ಟಿನ ಬೂಟು ತಿಕ್ಕಿ ತಿಕ್ಕಿ ಕಪ್ಪು ಸವೆದು ಕೆಳಗಿನ ಮರದ ಬಣ್ಣ ಇಣುಕುತ್ತಿತ್ತು. ಒಣ ಬ್ರಷ್ಷಿನಲ್ಲಿ ಪೆಡಲ್ಲಿನ ಮುಂದೆ ಎರಡು ಕಡೆ ತೆಳುವಾಗಿ ಮರದ ಬಣ್ಣ ಸವರಿದರೆ ಸಾಕು. ಬೆಲ್ಟುಗಳನ್ನು ಮಾಸ್ಕಿಂಗ್ ಟೇಪಿನಿಂದ ಮನೆಯಲ್ಲೇ ಕತ್ತರಿಸಬಹುದು: ಭುಜದ್ದು ಸುಮಾರು 1 ಮಿ.ಮೀ., ಸೊಂಟದ್ದು 1.5 ಮಿ.ಮೀ. ಅಗಲ. ಬಕಲ್ಲಿಗೆ ತೆಳು ತಂತಿ. ಇಷ್ಟಕ್ಕಾಗಿ ಬೇರೆ ಲೋಹದ ಸೆಟ್ ತರಿಸುವ ಅಗತ್ಯ ಕಾಣುವುದಿಲ್ಲ.

ಹೊಟ್ಟೆಯ ಕೆಳಗಿನ ರೇಡಿಯೇಟರ್ ಬಾಯಿಯ ಒಳಭಾಗಕ್ಕೆ ಮೈಯ ಎರಡು ಹೋಳು ಸೇರಿಸುವ ಮೊದಲೇ ಬಣ್ಣ ಹಚ್ಚಿ. ಆಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ. ಬಾಯಿಯ ತುಟಿಯ ಒಳಗೆ ಉಳಿಯುವ ಜಾಯಿಂಟನ್ನು ದುಂಡು ಕಡ್ಡಿಗೆ ವಾಟರ್ ಪೇಪರ್ ಸುತ್ತಿ ತಿಕ್ಕಬೇಕು. ಕೆಳಗಿನ ಭಾಗ ಯಾರಿಗೆ ಕಾಣುತ್ತದೆ ಎಂದು ಬಿಟ್ಟುಬಿಡಬೇಡಿ, ಮಾಡೆಲ್ ಕೈಗೆತ್ತಿಕೊಂಡವರು ಮೊದಲು ಮಗುಚಿ ನೋಡುವುದೇ ಅಲ್ಲಿ.

ಕೆಳರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದೇ ತುಂಡು. ಹಾಗಾಗಿ ರೆಕ್ಕೆ ಎಷ್ಟು ಮೇಲಕ್ಕೆ ಬಾಗಬೇಕೆಂಬ ಲೆಕ್ಕವನ್ನು ಕಿಟ್ಟೇ ನೋಡಿಕೊಳ್ಳುತ್ತದೆ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಮೇಲ್ಗಡೆ ಕೂದಲೆಳೆಯಷ್ಟು ಸಂದು ಕಂಡರೆ ಪುಟ್ಟಿ ಹಾಕಬೇಡಿ. ಮೇಲಿನ ಎರಡು ತುಂಡುಗಳನ್ನು ಕೆಳತುಂಡಿಗೆ ಅಂಟಿಸಿ, ಅಂಟು ಒಣಗುವ ಮೊದಲೇ ಮೈಗೆ ಸೇರಿಸಿ ನೋಡಿ. ರೆಕ್ಕೆಯ ತುದಿಗಳನ್ನು ಹಗುರವಾಗಿ ಮೇಲಕ್ಕೆಳೆದು ಟೇಪ್ ಹಚ್ಚಿದರೆ ಸಂದು ಮುಚ್ಚಿಕೊಳ್ಳುತ್ತದೆ. ತೆಳು ಅಂಟನ್ನು ಆಮೇಲೆ ಜಾಯಿಂಟಿಗೆ ಹರಿಯಬಿಟ್ಟರಾಯಿತು.

ಇನ್ನು ಎಲ್ಲರೂ ಎತ್ತುವ ತಕರಾರು, ಚಕ್ರ ಮಡಚಿ ಒಳಸೇರುವ ಗೂಡು. ಅಸಲಿ ಮಸ್ಟ್ಯಾಂಗಿನಲ್ಲಿ ಗೂಡಿನ ಹಿಂಗೋಡೆ ಎಂದರೆ ರೆಕ್ಕೆಯ ಮುಖ್ಯ ತೊಲೆ. ಅದು ನೇರವಾಗಿ ಅಡ್ಡ ಹಾಯ್ದಿರುತ್ತದೆ, ಗೂಡಿನ ಒಳಗು ಬಾಯಿಗಿಂತ ವಿಶಾಲ. ಈ ಕಿಟ್ಟಿನಲ್ಲಿ ಗೋಡೆಯು ಬಾಯಿಯ ಅಂಚನ್ನೇ ಹಿಂಬಾಲಿಸುತ್ತದೆ. ಆ ಕಾಲದ ಬಹುತೇಕ ಮಸ್ಟ್ಯಾಂಗ್ ಕಿಟ್‌ಗಳಲ್ಲಿ ಇದೇ ಕಥೆ. ಕತ್ತರಿಸಿ ಸರಿಮಾಡಲು ರಾಳದ ತುಂಡುಗಳನ್ನು ಮಾರುವವರಿದ್ದಾರೆ, ಅದಕ್ಕಾಗಿ ರೆಕ್ಕೆಯ ಒಳಗನ್ನೆಲ್ಲ ಕೆರೆದು ತೆಳುಮಾಡಬೇಕು. ಅಷ್ಟು ಶ್ರಮ ಬೇಡವೆನಿಸಿದರೆ ವಿಮಾನವೇ ಒಂದು ದಾರಿ ತೋರಿಸುತ್ತದೆ. ಮಸ್ಟ್ಯಾಂಗಿನ ಒಳಬಾಗಿಲುಗಳು ಚಕ್ರ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತವೆ. ಎಂಜಿನ್ ನಿಂತು ಹೈಡ್ರಾಲಿಕ್ ಒತ್ತಡ ಇಳಿದಾಗ ತೆರೆದು ಜೋತುಬೀಳುತ್ತವೆ, ಫ್ಲ್ಯಾಪುಗಳೂ (ರೆಕ್ಕೆಯ ಹಿಂಭಾಗದಲ್ಲಿ ಕೆಳಗೆ ಬಾಗುವ ಹಲಗೆಗಳು) ಅದೇ ರೀತಿ ಕೆಳಗಿಳಿಯುತ್ತವೆ. ಆದ್ದರಿಂದ ಬಾಗಿಲಿನ ಹಿಂಜ್ ಕತ್ತರಿಸಿ, ಮುಚ್ಚಿದಂತೆ ಕೂರಿಸಿದರೆ ಈಗಷ್ಟೇ ಇಳಿದು ನಿಂತ ವಿಮಾನ. ಆಗ ಫ್ಲ್ಯಾಪುಗಳನ್ನೂ ಮೇಲೇ ಇಡಿ. ಒಳಬಾಗಿಲು ಬಿಗಿಯಾಗಿ ಮುಚ್ಚಿ, ಫ್ಲ್ಯಾಪ್ ಪೂರ್ತಿ ಜೋತು, ಸುತ್ತ ಯಾರೂ ಇಲ್ಲದೆ ನಿಂತ ವಿಮಾನ ಗೊತ್ತಿದ್ದವರ ಕಣ್ಣಿಗೆ ತಕ್ಷಣ ಚುಚ್ಚುತ್ತದೆ. ಬಾಗಿಲು ತೆರೆದೇ ಇಡುವುದಾದರೆ ಗೂಡಿನ ಹಿಂಗೋಡೆಗೆ ಹಳದಿ ಜಿಂಕ್ ಕ್ರೋಮೇಟ್ (ಟಮಿಯಾ ಎಕ್ಸ್‌ಎಫ್-4 ಹತ್ತಿರ ಬರುತ್ತದೆ), ಉಳಿದದ್ದಕ್ಕೆ ಅಲ್ಯೂಮಿನಿಯಂ ಬಣ್ಣ. ಪೂರ್ತಿ ಗೂಡಿಗೆ ಇಂಟೀರಿಯರ್ ಗ್ರೀನ್ ಬಳಿಯುವುದು ಈ ವಿಮಾನಕ್ಕೆ ಹೊಂದುವುದಿಲ್ಲ.

ಮೇಲ್ಮುಚ್ಚಳ ಈ ಕಿಟ್ಟಿನ ನಾಜೂಕಿನ ಜಾಗ. ಗಾಜು ಬೇರೆ, ಅದರ ಚೌಕಟ್ಟು ಬೇರೆ. ಚೌಕಟ್ಟಿಗೆ ಚೊಕ್ಕಟವಾಗಿ ಬಣ್ಣ ಹೊಡೆಯಬಹುದು ಎಂಬುದು ಇದರ ಲಾಭ. ಅಂಟು ಗಾಜಿನ ಮೇಲೆ ಹರಿದರೆ ಅಳಿಸಲಾಗುವುದಿಲ್ಲ ಎಂಬುದು ತೊಂದರೆ. ಫೆವಿಕ್ವಿಕ್ ಹತ್ತಿರಕ್ಕೂ ತರಬೇಡಿ, ಅದರ ಆವಿಯೇ ಗಾಜಿನ ಒಳಮೈಗೆ ಬಿಳಿ ಮಬ್ಬು ಕೂರಿಸುತ್ತದೆ. ಪ್ಲಾಸ್ಟಿಕ್ ಅಂಟು ಗಾಜನ್ನೇ ಕರಗಿಸುತ್ತದೆ. ಉಳಿಯುವುದು ಫೆವಿಕಾಲ್: ಟೂತ್‌ಪಿಕ್ಕಿನ ತುದಿಯಲ್ಲಿ ತೆಗೆದು ಅಂಚಿಗೆ ಸವರಿ, ಹೆಚ್ಚಾದದ್ದನ್ನು ಒದ್ದೆ ಇಯರ್‌ಬಡ್ಡಿನಿಂದ ಒರೆಸಿ, ಒಂದಿಡೀ ದಿನ ಮುಟ್ಟದೆ ಬಿಡಬೇಕು. ಕರಾವಳಿಯಂಥ ತೇವದ ಊರುಗಳಲ್ಲಿ ಫೆವಿಕಾಲ್ ಜಾಯಿಂಟು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲಾಗಬಹುದು. ಅಲ್ಲಿ ಟಮಿಯಾ ಎಕ್ಸ್-22 ಕ್ಲಿಯರನ್ನೇ (ಬಣ್ಣವಿಲ್ಲದ ಪಾರದರ್ಶಕ ಲೇಪ) ಅಂಟಿನಂತೆ ಹರಿಯಬಿಡುವುದು ಹೆಚ್ಚು ಬಾಳಿಕೆ ಬರುತ್ತದೆ.

ಈಗ ರೆಕ್ಕೆಯ ಮೇಲ್ಮೈ. ಇದನ್ನು ಓದದೆ ಬಣ್ಣಕ್ಕೆ ಹೋಗಬೇಡಿ.

ಮಸ್ಟ್ಯಾಂಗಿನ ಲ್ಯಾಮಿನಾರ್ ರೆಕ್ಕೆಯ ಮೇಲೆ ಗಾಳಿ ಅಡೆತಡೆಯಿಲ್ಲದೆ ಹರಿಯಬೇಕಿತ್ತು. ಅದಕ್ಕೆಂದು ಕಾರ್ಖಾನೆಯಲ್ಲೇ ರೆಕ್ಕೆಯ ಮುಂಭಾಗದ ಸುಮಾರು ಶೇ. 40ರಷ್ಟು ಅಗಲದ ರಿವೆಟ್ಟು, ತಗಡಿನ ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಅಲ್ಯೂಮಿನಿಯಂ ಬಣ್ಣ ಹೊಡೆಯುತ್ತಿದ್ದರು. ಮೈ ಬರಿ ಲೋಹ, ರೆಕ್ಕೆ ಬಣ್ಣ ಹೊಡೆದ ಬೆಳ್ಳಿ. ಒಂದೇ ವಿಮಾನದಲ್ಲಿ ಎರಡು ಬಗೆಯ ಬೆಳ್ಳಿ. ಕಿಟ್ಟಿನ ರೆಕ್ಕೆಯಲ್ಲಿ ಮಾತ್ರ ಎಲ್ಲ ಗೆರೆಗಳನ್ನೂ ಅಂದವಾಗಿ ಕೆತ್ತಿದ್ದಾರೆ. ಅದನ್ನು ಹಾಗೇ ಬಿಟ್ಟು, ಗೆರೆಗಳಿಗೆ ಕಪ್ಪು ವಾಶ್ (ತುಂಬ ತೆಳು ಮಾಡಿದ ಬಣ್ಣ) ಬೇರೆ ತುಂಬಿದರೆ ನೋಡಲು ಚೆಂದವೇ, ಆದರೆ ಅದು ಮಸ್ಟ್ಯಾಂಗಿನ ರೆಕ್ಕೆಯಂತೆ ಕಾಣುವುದಿಲ್ಲ.

ತುಂಬುವ ಕ್ರಮ ಹೀಗೆ. ಬಿಡಬೇಕಾದ ಗೆರೆಗಳನ್ನು ಮೊದಲು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ: ಬಂದೂಕಿನ ಮತ್ತು ಗುಂಡಿನ ಪೆಟ್ಟಿಗೆಯ ಮುಚ್ಚಳಗಳು, ಇಂಧನದ ಮುಚ್ಚಳ, ಐಲರಾನ್ (ರೆಕ್ಕೆಯ ತುದಿಯ ಹತ್ತಿರದ ಚಲಿಸುವ ಹಲಗೆ), ಫ್ಲ್ಯಾಪ್. ಉಳಿದ ಗೆರೆಗಳ ಮೇಲೆ ಮಿಸ್ಟರ್ ಸರ್ಫೇಸರ್ 500 ಅನ್ನು (ಗೀರು ತುಂಬುವ ದಪ್ಪ ಪ್ರೈಮರ್) ಸಣ್ಣ ಬ್ರಷ್ಷಿನಲ್ಲಿ ಎಳೆಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಕುಗ್ಗಿ ಗೆರೆ ಮತ್ತೆ ಕುಳಿಯಾಗುತ್ತದೆ. ತೆಳುವಾಗಿ ಮೂರು ಸಲ, ನಡುವೆ ಒಣಗಲು ಬಿಟ್ಟು. ಕೊನೆಯ ಕೋಟಿನ ಮೇಲೆ ಒಂದು ರಾತ್ರಿ ಕಳೆಯಲಿ. ಆಮೇಲೆ ವಾಟರ್ ಪೇಪರ್ 800ರಿಂದ ಶುರುಮಾಡಿ 1000, 1500, 2000. ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ ಹಾಳೆಗಳೇ ಸಾಕು, ನೀರು ಧಾರಾಳವಾಗಿರಲಿ. ಹಾಳೆಯನ್ನು ಬೆರಳಿನಿಂದ ನೇರ ಒತ್ತದೆ ಗಟ್ಟಿ ರಬ್ಬರಿಗೋ ಮರದ ತುಂಡಿಗೋ ಸುತ್ತಿಕೊಳ್ಳಿ. ಬೆರಳು ಮೆದು, ತಗ್ಗಿನಲ್ಲಿ ಇನ್ನಷ್ಟು ತಗ್ಗು ಮಾಡುತ್ತದೆ. ಬಿಡಬೇಕಾದ ಗೆರೆಯ ಪಕ್ಕದಲ್ಲಿ ಉಜ್ಜುವುದು ಬೇಡ, ಥಿನ್ನರ್‌ನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್ಡಿನಿಂದ ಸರ್ಫೇಸರ್ ಒರೆಸಿದರೆ ಪಕ್ಕದ ಕೆತ್ತನೆ ಸವೆಯುವುದಿಲ್ಲ.

ಕೆಲಸ ಸರಿಯಾಯಿತೇ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಬೂದು ಪ್ಲಾಸ್ಟಿಕ್ಕಿನ ಮೇಲೆ ಬೂದು ಸರ್ಫೇಸರ್ ಕಾಣುವುದು ಕಷ್ಟ. ಏರ್‌ಬ್ರಷ್ಷಿನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಒಂದು ತೆಳು ಕೋಟು ಬೆಳ್ಳಿ ಊದಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಗೆರೆಯ ನೆರಳು ಉಳಿದ ಕಡೆ ಮತ್ತೆ ಸರ್ಫೇಸರ್. ಉಗುರು ಎಳೆದರೂ ಸಾಕು, ಕಣ್ಣಿಗಿಂತ ಉಗುರು ಚುರುಕು.

ಬೆಳ್ಳಿಯ ಆಯ್ಕೆಗೆ ಬಂದರೆ, ರೆಕ್ಕೆಗೆ ಹೊಳಪು ಬೇಡ. ಟಮಿಯಾದ ಎಲ್‌ಪಿ-11 ಅಥವಾ ಎಎಸ್-12 ಅಲ್ಲಿಗೆ ಸರಿ. ಎಎಸ್-12 ಸ್ಪ್ರೇ ಡಬ್ಬಿಯಲ್ಲಿ ಮಾತ್ರ ಬರುತ್ತದೆ. ವಿಮಾನದಲ್ಲಿ ಸಾಗಿಸಲು ಬಿಡದ ಸರಕು ಅದು, ರಸ್ತೆಯ ಮೇಲೆಯೇ ಬರಬೇಕು. ಆನ್‌ಲೈನಿನಲ್ಲಿ ತರಿಸುವವರು ಈ ತಡವನ್ನು ಲೆಕ್ಕಕ್ಕೆ ಹಿಡಿಯಬೇಕು. ಮೈಗೆ ಆಲ್‌ಕ್ಲ್ಯಾಡ್ ಅಥವಾ ಎಕೆ ಎಕ್ಸ್‌ಟ್ರೀಮ್ ಮೆಟಲ್ ಥರದ, ಲೋಹದಂತೆ ಹೊಳೆಯುವ ಬಣ್ಣ. ಅದರ ಕೆಳಗೆ ಹೊಳೆಯುವ ಕಪ್ಪು ತಳ ಬೇಕು. ತಳ ಎಷ್ಟು ನುಣುಪೋ ಮೇಲಿನ ಲೋಹ ಅಷ್ಟೇ ಲೋಹ. ಟಮಿಯಾ ಎಕ್ಸ್-1 ಅಕ್ರಿಲಿಕ್ ಕಪ್ಪು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆದುವಾಗಿರುತ್ತದೆ. ಅವಸರದಲ್ಲಿ ಅದರ ಮೇಲೆ ಲ್ಯಾಕರ್ ಬೆಳ್ಳಿ ಊದಿದರೆ ಆಮೇಲೆ ನವಿರಾದ ಬಿರುಕುಗಳು ಏಳುತ್ತವೆ. ಲ್ಯಾಕರ್ ಕಪ್ಪು ಬಳಸಿದರೆ ಈ ರಗಳೆ ಇಲ್ಲ. ಆಲ್‌ಕ್ಲ್ಯಾಡನ್ನು 12ರಿಂದ 15 ಪಿಎಸ್‌ಐ ಒತ್ತಡದಲ್ಲಿ, ಹತ್ತಿರದಿಂದ, ಮಂಜಿನಂತೆ ತೆಳುವಾಗಿ ಊದಬೇಕು. ಕಪ್ಪು ಮುಚ್ಚಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಹೆಚ್ಚಾದರೆ ಲೋಹದ ಹೊಳಪು ಹೋಗಿ ಬೂದಿಯ ಛಾಯೆ ಬರುತ್ತದೆ. ಬಾಲದ ಚುಕ್ಕಾಣಿ ಬಟ್ಟೆ ಹೊದಿಸಿದ್ದು, ಅದಕ್ಕೂ ರೆಕ್ಕೆಯ ಮಂಕು ಬೆಳ್ಳಿಯೇ ಸರಿ. ಬ್ರಿಟನ್ನಿನಲ್ಲಿ ಮಾಡಿದ 108 ಗ್ಯಾಲನ್ನಿನ ಕಾಗದದ ಡ್ರಾಪ್ ಟ್ಯಾಂಕ್ ಹಾಕುವುದಾದರೆ ಅದಕ್ಕೂ ಅಷ್ಟೇ. ಕಾಗದದ ಟ್ಯಾಂಕು ಕನ್ನಡಿಯಂತೆ ಹೊಳೆಯುವುದುಂಟೇ?

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗ, ಆದರೆ ಅದು ಏರ್‌ಬ್ರಷ್ ತೊಳೆಯಲು ಮಾತ್ರ. ಬಣ್ಣಕ್ಕೆ ಬೆರೆಸಿದರೆ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕಚ್ಚುತ್ತದೆ, ಅಷ್ಟು ಹೊತ್ತು 2000ದ ಹಾಳೆಯಲ್ಲಿ ಉಜ್ಜಿದ್ದು ನೀರುಪಾಲು.

ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಮೋಸ ಮಾಡುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಹೊಳೆಯುವ ಕಪ್ಪಿನಲ್ಲಿ ಇದು ಎದ್ದು ಕಾಣುತ್ತದೆ. ಹಾಗಾದರೆ ಉಜ್ಜಲು ಹೋಗಬೇಡಿ. ನಿಧಾನಕ್ಕೆ ಆರುವ ಥಿನ್ನರ್ (ಮಿಸ್ಟರ್ ಲೆವೆಲಿಂಗ್ ಥಿನ್ನರ್ ಅಂಥದ್ದೇ) ಒಂದು ತೆಳು ಕೋಟು ಊದಿದರೆ ಬಹಳ ಸಲ ಮಬ್ಬು ಕರಗುತ್ತದೆ. ಕಂಪ್ರೆಸರಿನ ವಾಟರ್ ಟ್ರ್ಯಾಪನ್ನು ಜುಲೈ ತಿಂಗಳಲ್ಲಿ ಆಗಾಗ ಖಾಲಿ ಮಾಡುತ್ತಿರಿ. ಬೆಳ್ಳಿಯ ನಡುವೆ ಒಂದು ಹನಿ ನೀರು ಉಗುಳಿದರೆ ಆ ಪ್ಯಾನೆಲ್ ಪೂರ್ತಿ ಮತ್ತೆ ಮೊದಲಿಂದ.

1944ರ ಜೂನಿನ ನಾರ್ಮಂಡಿ ದಾಳಿಗಾಗಿ ಮಿತ್ರಪಕ್ಷದ ವಿಮಾನಗಳಿಗೆ ಗುರುತಿಗೆಂದು ಬಳಿದ ಪಟ್ಟೆಗಳನ್ನು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಒಂದೊಂದು ಪಟ್ಟೆ 18 ಇಂಚು, ಬಿಳಿ-ಕಪ್ಪು-ಬಿಳಿ-ಕಪ್ಪು-ಬಿಳಿ. 1/48ರಲ್ಲಿ ಒಂದಕ್ಕೆ 9.5 ಮಿ.ಮೀ. ಬರುತ್ತದೆ. 10 ಮಿ.ಮೀ. ಟೇಪನ್ನು ಹಾಗೇ ಬಳಸಿದರೆ ಐದು ಪಟ್ಟೆ ಸೇರಿ 2.5 ಮಿ.ಮೀ. ಹೆಚ್ಚಾಗುತ್ತದೆ. ರೆಕ್ಕೆಯಲ್ಲಿ ನಡೆದೀತು, ಮೈಮೇಲಿನ ಅಕ್ಷರಗಳ ಹತ್ತಿರ ಜಾಗ ಸಾಲುವುದಿಲ್ಲ. ಟೇಪನ್ನು ಗಾಜಿನ ಮೇಲೆ ಅಂಟಿಸಿ ಸ್ಟೀಲ್ ಸ್ಕೇಲ್ ಇಟ್ಟು ಅಂಚು ಕತ್ತರಿಸಿಕೊಳ್ಳಿ. ಪಟ್ಟೆಗಳನ್ನು ಬೆಳ್ಳಿಗಿಂತ ಮೊದಲು ಮುಗಿಸುವುದು ಜಾಣತನ: ಮೊದಲು ಬಿಳಿ, ಅದರ ಮೇಲೆ ಟೇಪು, ಆಮೇಲೆ ಕಪ್ಪು, ಎಲ್ಲವನ್ನೂ ಮುಚ್ಚಿ ಕೊನೆಗೆ ಬೆಳ್ಳಿ. ಹೀಗೆ ಮಾಡಿದರೆ ಹೊಸ ಬೆಳ್ಳಿಯ ಮೇಲೆ ಟೇಪು ಬೀಳುವುದಿಲ್ಲ. ಇನ್ನೊಂದು ಎಚ್ಚರ: ಪಿ-51ಡಿಯ ಮೊದಮೊದಲ ತಂಡದಲ್ಲಿ ಬಾಲದ ಬುಡದಿಂದ ಬೆನ್ನಿಗೆ ಇಳಿಯುವ ಇಳಿಜಾರು ತಗಡು ಇರಲಿಲ್ಲ. ಕಿಟ್ಟಿನಲ್ಲಿ ಅದು ಇದೆ. ಜೂನ್ ತಿಂಗಳ ವಿಮಾನ ಆರಿಸಿಕೊಂಡರೆ ಅದರ ಫೋಟೊ ನೋಡದೆ ಮುಂದುವರಿಯಬೇಡಿ. ಅಂದಹಾಗೆ ಆ ಪಟ್ಟೆಗಳನ್ನು ನೆಲದ ಸಿಬ್ಬಂದಿ ರಾತ್ರೋರಾತ್ರಿ ಬ್ರಷ್ಷಿನಲ್ಲಿ ಬಳಿದದ್ದು. ಅಂಚು ಸ್ವಲ್ಪ ಸೊಟ್ಟಗಾದರೆ ಚಿಂತೆ ಬೇಡ.

ಕಿಟ್ಟಿನ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ, ಗುರುತುಗಳ ಹಾಳೆ) ದಪ್ಪ. ಬಣ್ಣ ಒಡೆಯದಂತೆ ಇದೆ, ಆದರೆ ಬರಿ ಲೋಹದ ಮೇಲೆ ಸುತ್ತಲಿನ ಪಾರದರ್ಶಕ ಅಂಚು ಹೊಳೆಯುತ್ತದೆ. ಪ್ರತಿಯೊಂದು ಅಕ್ಷರದ ಸುತ್ತ ಹೊಸ ಬ್ಲೇಡಿನಿಂದ ಅಂಚು ತೆಗೆದು ಹಚ್ಚುವುದೇ ಮದ್ದು. ನೀರು ಉಗುರುಬೆಚ್ಚಗಿರಲಿ. ಡಿಕಾಲ್ ಮೆದುಮಾಡುವ ದ್ರವ ಮಾರ್ಕ್ ಸಾಫ್ಟರ್ ಹಚ್ಚಿದಾಗ ಡಿಕಾಲ್ ಸುಕ್ಕಾಗುತ್ತದೆ, ಗಾಬರಿಯಾಗಿ ಎಳೆಯಬೇಡಿ, ಒಣಗುವಾಗ ತಾನೇ ಕೂರುತ್ತದೆ. ಹಳೆಯ ದಾಸ್ತಾನಿನ ಪೆಟ್ಟಿಗೆಯಲ್ಲಿ ಬಿಳಿ ಹಳದಿಗೆ ತಿರುಗಿದ್ದರೆ ಹಾಳೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ, ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ತೇವ ತಗಲಿ ಮೇಲಿನ ತೆಳು ಕಾಗದಕ್ಕೆ ಅಂಟಿಕೊಂಡ ಡಿಕಾಲನ್ನು ಮಾತ್ರ ಉಳಿಸಲಾಗದು, ಬೇರೆ ತಯಾರಕರ ಹಾಳೆ ಕೊಳ್ಳಬೇಕು. ಕಿಟ್ ಕೊಂಡ ದಿನವೇ ಡಿಕಾಲನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿಟ್ಟರೆ ಈ ಖರ್ಚು ಉಳಿಯುತ್ತದೆ.

ಪ್ರೊಪೆಲ್ಲರ್ ಪಾಲಿಕ್ಯಾಪಿನಲ್ಲಿ (ಮೆದು ಪ್ಲಾಸ್ಟಿಕ್ಕಿನ ಪುಟ್ಟ ಕೊಳವೆ) ಸಿಕ್ಕಿಸುವಂಥದ್ದು, ಕೊನೆಯಲ್ಲಿ ಕೂರಿಸಿದರಾಯಿತು. ಅಲಗುಗಳು ಕಪ್ಪು, ತುದಿಯ ಹಳದಿ 4 ಇಂಚು, ಅಂದರೆ 2 ಮಿ.ಮೀ. ಸ್ವಲ್ಪ ಮೇಲೆ. ಟೈರಿನ ತಳವನ್ನು ಅರ್ಧ ಮಿ.ಮೀ. ಒಳಗೆ ಸಮತಟ್ಟಾಗಿ ಉಜ್ಜಿದರೆ ವಿಮಾನಕ್ಕೆ ಭಾರ ಬರುತ್ತದೆ.

ವರ್ಷಗಳು ಕಳೆದ ಮೇಲೆ ಏನು ಉಳಿಯುತ್ತದೆ? ಚಕ್ರದ ಕಾಲುಗಳು ಗಟ್ಟಿ, ಬಾಗುವುದಿಲ್ಲ. ಮೊದಲು ಮುರಿಯುವುದು ಬೆನ್ನಿನ ಆಂಟೆನಾ ಕಂಬ, ಧೂಳು ಒರೆಸುವ ಬಟ್ಟೆಗೆ ಸಿಕ್ಕಿ. ಅದರ ಬದಲು ತಟ್ಟಿ ಚಪ್ಪಟೆ ಮಾಡಿದ ಹಿತ್ತಾಳೆ ತಂತಿ ಹಾಕಿದರೆ ಚಿಂತೆಯಿಲ್ಲ. ಲ್ಯಾಕರ್ ಬೆಳ್ಳಿ ಬಣ್ಣಗೆಡದೆ ಇರುತ್ತದೆ. ಬಟ್ಟೆಯಲ್ಲಿ ಉಜ್ಜಿ ಹೊಳಪು ತರಿಸುವ ಬಗೆಯ ಬೆಳ್ಳಿ ಮಾತ್ರ ಹಿಡಿದ ಜಾಗದಲ್ಲೆಲ್ಲ ಸವೆಯುತ್ತದೆ. ಲೋಹದ ಹಾಳೆ ಹೊದಿಸಿದ್ದರೆ ಅದು ಕಾಲಕ್ರಮೇಣ ಮಂಕಾಗಿ ಬಿಳಿಚುಕ್ಕೆ ಹಿಡಿಯುತ್ತದೆ. ಎಕ್ಸ್-22 ಮೇಲ್ಕೋಟು ಪೂರ್ತಿ ಒಣಗದೆ ಶೋಕೇಸಿಗೆ ಸೇರಿದರೆ ಧೂಳು ಅದರಲ್ಲೇ ಹೂತುಬಿಡುತ್ತದೆ, ಆಮೇಲೆ ಯಾವ ಬ್ರಷ್ಷಿಗೂ ಬರುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳದೆ ಬರಿ ಲೋಹದ ಬಣ್ಣ ಮುಟ್ಟಬೇಡಿ, ಬೆರಳಿನ ಎಣ್ಣೆಯ ಗುರುತು ತಿಂಗಳುಗಳಾದ ಮೇಲೆ ಮೂಡುತ್ತದೆ.

ಬೇರೆ ಆಯ್ಕೆಗಳೂ ಇವೆ. ಏರ್‌ಫಿಕ್ಸ್ 2017ರಲ್ಲಿ, ಎಡುವಾರ್ಡ್ 2019ರಲ್ಲಿ ಇದೇ ಅಳತೆಯಲ್ಲಿ ಹೊಸ ಪಿ-51ಡಿ ತಂದವು. ಎರಡರಲ್ಲೂ ಚಕ್ರದ ಗೂಡು ಸರಿಯಿದೆ. ಎಡುವಾರ್ಡಿನಲ್ಲಿ ಕೆತ್ತನೆ, ಬಿಡಿಭಾಗ, ಆಯ್ಕೆಗಳು ಹೆಚ್ಚು, ಅದಕ್ಕೆ ತಕ್ಕಂತೆ ತಾಳ್ಮೆಯೂ ಹೆಚ್ಚು ಬೇಕು. ಏರ್‌ಫಿಕ್ಸಿನ ಗೆರೆಗಳು ಆಳ, ಬೆಳ್ಳಿಯ ಕೆಳಗೆ ಅವು ಇನ್ನೂ ಆಳವಾಗಿ ಕಾಣುತ್ತವೆ. ಮಸ್ಟ್ಯಾಂಗಿನ ಪ್ರತಿ ರಿವೆಟ್ಟಿನ ಲೆಕ್ಕ ಇಡುವವರು ಎಡುವಾರ್ಡ್ ಕೊಳ್ಳಲಿ. ಮೊದಲ ಸಲ ಬರಿ ಲೋಹದ ಬಣ್ಣ ಕಲಿಯುವವರಿಗೆ ಟಮಿಯಾವೇ ಸರಿ. ಜೋಡಣೆಯಲ್ಲಿ ದಣಿಯದ ಕೈ ಉಜ್ಜುವುದಕ್ಕೆ ಉಳಿದಿರುತ್ತದೆ.

ಕೊಳ್ಳುವಾಗ ಕಿಟ್ಟಿನ ಬೆಲೆಯೊಂದನ್ನೇ ನೋಡಬೇಡಿ. ಸರ್ಫೇಸರ್ 500, ಹೊಳೆಯುವ ಕಪ್ಪು, ಎರಡು ಬಗೆಯ ಬೆಳ್ಳಿ, ನಾಲ್ಕು ನಂಬರಿನ ವಾಟರ್ ಪೇಪರ್, ಟೇಪು ಸೇರಿದರೆ ಖರ್ಚು ಕಿಟ್ಟಿನ ಬೆಲೆಯ ಹತ್ತಿರಕ್ಕೆ ಬಂದರೂ ಆಶ್ಚರ್ಯವಿಲ್ಲ. ವಿದೇಶದಿಂದ ತರಿಸಿದರೆ ಕೊರಿಯರ್, ಸುಂಕ ಬೇರೆ. ಪೆಟ್ಟಿಗೆ ಕೈಗೆ ಬಂದ ದಿನ ಸ್ಪ್ರೂಗಳನ್ನು (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳು) ಸೂಚನೆಯ ಹಾಳೆಯ ಜೊತೆ ತಾಳೆ ನೋಡಿ, ಗಾಜಿನ ಭಾಗದ ಚೀಲವನ್ನು ಮೊದಲು ಪರೀಕ್ಷಿಸಿ. ಮುಚ್ಚಳದ ಗಾಜಿನಲ್ಲಿ ಕೂದಲೆಳೆಯ ಸೀಳಿದ್ದರೆ ಅಂಗಡಿಗೆ ಆಗಲೇ ತಿಳಿಸಬೇಕು, ಸ್ಪ್ರೂನಿಂದ ಒಂದು ಭಾಗ ಕತ್ತರಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.